ಶಿವಮೊಗ್ಗೆ ಅಮ್ಮ

ಶಿವಮೊಗ್ಗ
ಗುರುವಾರ ರಾತ್ರಿ

ಪ್ರೀತಿಯ ಪುಟ್ಟೀ,

ಅಮ್ಮ ಅಟ್ಟದಿಂದ ತೊಟ್ಟಿಲು ಇಳಿಸಿದ್ದಾಳೆ. ನಿನ್ನೆ ಮಧ್ಯಾಹ್ನ ಹೋದಾಗ ಹುಣಸೆಹಣ್ಣು ಹಚ್ಚಿ ಅದರ ಹಿತ್ತಾಳೆ ಸರಪಳಿ ತಿಕ್ಕುತ್ತ ಕೂತಿದ್ದಳು. ನಿನ್ನ ಹದಿನಾಲ್ಕು ತಿಂಗಳ ಕೂಸು ತೊಟ್ಟಿಲಲ್ಲಿ ಎಲ್ಲಿ ಮಲಗುತ್ತದೆ ಅಂದರೆ, "ಮಲಗದಿದ್ದರೆ ಬಟ್ಟೆ ಹಾಕಿಡಕ್ಕಾಯ್ತು" ಅಂದಳು. ಅವಳ ಮುಖ ನೋಡಿ ನನಗೆ ಬಾಯೇ ಬರಲಿಲ್ಲ. ಮೊನ್ನೆ ಅಮೆರಿಕದಿಂದ ಫೋನಿನಲ್ಲಿ ನೀನು, "ಅಮ್ಮನ ಹತ್ರ ಬಿಡೋದು ಎರಡು ವರ್ಷ ಅಷ್ಟೇ ಅಕ್ಕಾ, ಮೂರು ತುಂಬಿದ ಕೂಡಲೇ ಬಂದು ಕರ್ಕೊಂಡು ಹೋಗ್ತೀವಿ" ಅಂದಾಗಲೂ ಹೂಂ ಅಂದುಬಿಟ್ಟೆ. ಆ ಹೂಂ ಅವತ್ತಿನಿಂದ ಗಂಟಲಲ್ಲೇ ಸಿಕ್ಕಿಕೊಂಡಿದೆ.

ಇವತ್ತು ನೈಟ್ ಡ್ಯೂಟಿ. ಎರಡು ಗಂಟೆಯ ಔಷಧಿ ಕೊಟ್ಟಾಯಿತು. ಮೂಲೆಯ ಮಂಚದಲ್ಲಿ ನ್ಯುಮೋನಿಯಾದ ಹುಡುಗ ಒಬ್ಬ, ಎರಡು ವರ್ಷದವನು, ತನ್ನ ಅಮ್ಮನ ತಾಳಿ ಬೆರಳಿಗೆ ಸುತ್ತಿಕೊಂಡು ಮಲಗಿದ್ದಾನೆ. ಅವಳಿಗೆ ಆ ಕಡೆ ಈ ಕಡೆ ಹೊರಳಲೂ ಆಗುತ್ತಿಲ್ಲ. ಫೋನಿನಲ್ಲಿ ಹೇಳಹೊರಟರೆ ನೀನು ಅಳುತ್ತೀ, ಇಲ್ಲವೇ ನಾನು ಜೋರು ಮಾಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಓದಿ ಒಂದು ದಿನ ಸುಮ್ಮನಿರು. ಆಮೇಲೆ ಬೈಯುವುದಿದ್ದರೆ ಬೈ.

ನಮ್ಮನೆಯ ಹಳೇ ಜೋಕು ನಿನಗೆ ಗೊತ್ತಿದ್ದದ್ದೇ. ನಿನ್ನ ಮದುವೆಯಲ್ಲೂ ಚಿಕ್ಕಪ್ಪ ಅದನ್ನು ಹೇಳಿ ಎಲ್ಲರನ್ನೂ ನಗಿಸಿದ್ದ. 1991ರ ಜೂನ್, ಸ್ಕೂಲು ಶುರುವಾಗುವ ಹೊತ್ತು. ತೀರ್ಥಹಳ್ಳಿ ಕಡೆಯಿಂದ ಅಜ್ಜ ನನ್ನನ್ನು ಬಸ್ಸಿನಲ್ಲಿ ಕರೆತಂದ. ನನಗೆ ನಾಲ್ಕೂವರೆ ವರ್ಷ. ಅಜ್ಜಿಯನ್ನು ನಾನು 'ಅಮ್ಮ' ಅನ್ನುತ್ತಿದ್ದೆ. ಅಮ್ಮನನ್ನು ಕರೆಯಲು ಅಜ್ಜಿ ಹೇಳಿಕೊಟ್ಟ ಹೆಸರು 'ಶಿವಮೊಗ್ಗೆ ಅಮ್ಮ'. ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ ನಾನು ಬಹಳ ಮರ್ಯಾದೆಯಿಂದ, "ಶಿವಮೊಗ್ಗೆ ಅಮ್ಮಾ, ನಾನು ಮನೆಗೆ ಹೋಗೋದು ಯಾವತ್ತು?" ಅಂತ ಕೇಳಿದೆನಂತೆ. ನೀನು ಮೂರು ವರ್ಷದವಳು, ತಟ್ಟೆಯಿಂದ ತಲೆ ಎತ್ತಿ, "ಈ ಹುಡುಗಿ ಯಾವತ್ತು ಹೋಗ್ತಾಳೆ?" ಅಂದೆಯಂತೆ. ಇಬ್ಬರದೂ ಒಂದೇ ಪ್ರಶ್ನೆ! ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಅಮ್ಮ ಸಾರು ತರುತ್ತೇನೆಂದು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಜೋಕಿನಲ್ಲಿ ಈ ಭಾಗ ಬರುವುದಿಲ್ಲ. ನನಗದು ನೆನಪಿದೆ.

ನೀನು ಹುಟ್ಟುವ ಹೊತ್ತಿಗೆ ನನ್ನನ್ನು ಅಜ್ಜಿಮನೆಯಲ್ಲಿ ಬಿಟ್ಟುಹೋದದ್ದು ಮಾತ್ರ ನನಗೆ ನೆನಪಿಲ್ಲ. ಒಂದೂವರೆ ವರ್ಷದ ಕೂಸಿಗೆ ಏನು ನೆನಪಿರುತ್ತದೆ? ದೊಡ್ಡಮ್ಮ ಹೇಳಿದ್ದಷ್ಟೇ ಗೊತ್ತು. ನಾಲ್ಕೈದು ದಿನ ಉಣುಗೋಲು ಹಿಡಿದು ಅತ್ತೆನಂತೆ, ಧ್ವನಿ ಬಿದ್ದುಹೋಗುವಷ್ಟು. ಸಂಜೆ ಬಸ್ಸಿನ ಸದ್ದಾದರೆ ಓಡುವುದು, ಯಾರೂ ಇಳಿಯದಿದ್ದರೆ ಅಲ್ಲೇ ಕೂರುವುದು. ಆಮೇಲೆ ಅಳು ನಿಂತಿತು. ಜಗಲಿಯ ಮುಂಡಿಗೆಗೆ ಒರಗಿ ಹೆಬ್ಬೆರಳು ಚೀಪುತ್ತ ಕೂರುತ್ತಿದ್ದೆ, ಕರೆದರೆ ತಿರುಗುತ್ತಿರಲಿಲ್ಲ, ಅನ್ನ ಬಾಯಲ್ಲೇ ಇಟ್ಟುಕೊಳ್ಳುತ್ತಿದ್ದೆ. ಅಜ್ಜಿ ದೃಷ್ಟಿ ತೆಗೆದಳು, ತಾಯಿತ ಕಟ್ಟಿಸಿದಳು. ಹದಿನೈದು ದಿನಕ್ಕೆ ಕರುವಿನ ಹಿಂದೆ ಓಡಾಡಲು ಶುರುಮಾಡಿದೆ. "ಸರಿಹೋಯಿತು" ಅಂದರು. ಎರಡು ತಿಂಗಳ ಮೇಲೆ ಅಮ್ಮ ಬಂದಾಗ ಅವಳನ್ನು ಒಮ್ಮೆ ನೋಡಿ, ಮತ್ತೆ ಕರುವಿಗೆ ಹುಲ್ಲು ಕೊಡಲು ಹೋದೆನಂತೆ. "ಎಷ್ಟು ಬೇಗ ಹೊಂದಿಕೊಂಡಿತು ನೋಡು" ಅಂತ ಊರೆಲ್ಲ ಹೊಗಳಿತು.

ನರ್ಸಿಂಗ್ ಓದುವಾಗ ಮಕ್ಕಳ ಶುಶ್ರೂಷೆಯ ಪುಸ್ತಕದಲ್ಲಿ ಐದು ಮಾರ್ಕಿನ ಒಂದು ಪ್ರಶ್ನೆ ಇತ್ತು. ಆಸ್ಪತ್ರೆ ಸೇರಿದ ಮಗುವಿನ ಪ್ರತಿಕ್ರಿಯೆ: ಪ್ರೊಟೆಸ್ಟ್, ಡಿಸ್ಪೇರ್, ಡಿಟ್ಯಾಚ್‌ಮೆಂಟ್. ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ನಂಟು ಕಳಚಿಕೊಳ್ಳುವುದು. ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಮೂರನೇ ಸಲ ಹೇಳುವಾಗ ಉಣುಗೋಲು, ಮುಂಡಿಗೆ, ಕರು ಒಂದರ ಹಿಂದೊಂದು ಕಣ್ಣಿಗೆ ಕಟ್ಟಿದವು. ಪುಸ್ತಕ ಮುಚ್ಚಿಟ್ಟೆ. ಆ ಪ್ರಶ್ನೆ ಬಂದಿತ್ತು, ಎರಡು ಪುಟ ಹೆಚ್ಚೇ ಬರೆದೆ.

ಆ ಮೂರು ಹಂತಗಳನ್ನು ಕಣ್ಣಾರೆ ಕಂಡು ದಾಖಲೆ ಮಾಡಿದವನು ಜೇಮ್ಸ್ ರಾಬರ್ಟ್‌ಸನ್. ಅವನು ಡಾಕ್ಟರಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನಲ್ಲಿ ಆನಾ ಫ್ರಾಯ್ಡ್ ನಡೆಸುತ್ತಿದ್ದ ಮಕ್ಕಳ ಮನೆಯಲ್ಲಿ ಬಾಯ್ಲರ್ ಒಲೆ ನೋಡಿಕೊಳ್ಳುತ್ತಿದ್ದ. ಅವನ ಹೆಂಡತಿ ಜಾಯ್ಸ್ ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಕಲಿಯುತ್ತಿದ್ದಳು. ಆಮೇಲೆ ಅವನು ಜಾನ್ ಬೌಲ್ಬಿ ಎಂಬ ವೈದ್ಯರ ಜೊತೆ ಸೇರಿ ಆಸ್ಪತ್ರೆಗಳಲ್ಲಿ ಮಕ್ಕಳನ್ನು ಗಮನಿಸತೊಡಗಿದ. ಆಗೆಲ್ಲ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ತಾಯಂದಿರನ್ನು ಒಳಗೆ ಬಿಡುತ್ತಿರಲಿಲ್ಲ. ವಾರಕ್ಕೆ ಒಂದೆರಡು ಗಂಟೆ ಬಿಟ್ಟರೆ ದೊಡ್ಡದು. ಅಮ್ಮ ಬಂದರೆ ಮಕ್ಕಳು ಅಳುತ್ತವೆ, ಬರದಿದ್ದರೆ ವಾರ್ಡು ತಣ್ಣಗಿರುತ್ತದೆ ಅನ್ನುವುದು ಅವರ ಲೆಕ್ಕ. ರಾಬರ್ಟ್‌ಸನ್ ಹೇಳಿದ್ದನ್ನು ಯಾರೂ ನಂಬಲಿಲ್ಲ. ಅದಕ್ಕೆ ಅವನು ಒಂದು ಕ್ಯಾಮೆರಾ ಹಿಡಿದುಕೊಂಡು ಹೋದ. ತನಗೆ ಬೇಕಾದ ಮಗುವನ್ನು ಆರಿಸಿಕೊಂಡ ಅನ್ನಬಾರದೆಂದು, ಆಪರೇಷನ್ನಿಗೆ ಕಾಯುತ್ತಿದ್ದವರ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಒಂದು ಹೆಸರು ಎತ್ತಿಕೊಂಡ. ಲಾರಾ, ಎರಡು ವರ್ಷ ಐದು ತಿಂಗಳು, ಹೊಕ್ಕುಳ ಹರ್ನಿಯಾ, ಎಂಟು ದಿನ. ದಿನವೂ ಗೊತ್ತಾದ ಹೊತ್ತಿಗೇ ಚಿತ್ರೀಕರಿಸಿದ, ಸಾಕ್ಷಿಗೆ ಗೋಡೆ ಗಡಿಯಾರವೂ ಕಾಣುವ ಹಾಗೆ.

ಅದರ ತುಣುಕುಗಳನ್ನು ನಾನು ನೋಡಿದ್ದೇನೆ ಪುಟ್ಟೀ. ಲಾರಾ ಗಲಾಟೆಯ ಮಗುವಲ್ಲ. ಅಳು ಬಂದರೂ ಮುಖ ಬಿಗಿಮಾಡಿ ನುಂಗಿಕೊಳ್ಳುತ್ತಾಳೆ. ಒಂದು ಹಳೇ ಹೊದಿಕೆ, ಒಂದು ಕರಡಿ ಬೊಂಬೆ, ಎರಡನ್ನೂ ಎದೆಗೆ ಒತ್ತಿಕೊಂಡಿರುತ್ತಾಳೆ. ನೋಡಿದವರು ಯಾರೇ ಆದರೂ ಜಾಣ ಮಗು ಅನ್ನಬೇಕು. ಕೊನೆಯ ದಿನ ಅಮ್ಮ ಕರೆದುಕೊಂಡು ಹೋಗಲು ಬರುತ್ತಾಳೆ. ಲಾರಾ ತನ್ನ ಸಾಮಾನೆಲ್ಲ ಬಿಡದೆ ತೆಗೆದುಕೊಳ್ಳುತ್ತಾಳೆ, ಆದರೆ ಅಮ್ಮ ಚಾಚಿದ ಕೈ ಹಿಡಿಯುವುದಿಲ್ಲ. 1952ರಲ್ಲಿ ಈ ಚಿತ್ರವನ್ನು ಲಂಡನ್ನಿನ ವೈದ್ಯರ ಸಭೆಗೆ ತೋರಿಸಿದಾಗ ಅವರು ರಾಬರ್ಟ್‌ಸನ್ ಮೇಲೇ ಹರಿಹಾಯ್ದರು. ಆದರೂ 1959ರ ಹೊತ್ತಿಗೆ ಬ್ರಿಟನ್ ಸರ್ಕಾರದ ಸಮಿತಿಯೇ, ತಂದೆತಾಯಿ ಯಾವಾಗ ಬೇಕಾದರೂ ಬರಲಿ, ಸಣ್ಣ ಮಕ್ಕಳ ಜೊತೆ ತಾಯಿ ಉಳಿಯಲಿ ಅಂತ ಶಿಫಾರಸು ಮಾಡಿತು. ಇವತ್ತು ಮೂಲೆಯ ಮಂಚದ ಹುಡುಗನಿಗೆ ಸುತ್ತಿಕೊಳ್ಳಲು ಅಮ್ಮನ ತಾಳಿ ಸಿಕ್ಕಿದ್ದರಲ್ಲಿ ಆ ಒಲೆಯವನದೂ ಒಂದು ಪಾಲಿದೆ ಅಂತ ನನಗೆ ಆಗಾಗ ಅನ್ನಿಸುವುದುಂಟು.

ಇನ್ನೊಂದು ಚಿತ್ರ 1969ರದು. ಅದನ್ನು ನಾನು ಪೂರ್ತಿ ನೋಡಲಾರದೆ ಬಿಟ್ಟೆ. ಜಾನ್ ಎಂಬ ಹುಡುಗ, ಹದಿನೇಳು ತಿಂಗಳು. ಅಮ್ಮ ಎರಡನೇ ಹೆರಿಗೆಗೆ ಹೋದಳು, ಇವನನ್ನು ಒಂಬತ್ತು ದಿನಕ್ಕೆ ಒಂದು ಶಿಶುಗೃಹದಲ್ಲಿ ಬಿಟ್ಟರು. ವಯಸ್ಸೂ ನನ್ನದೇ, ಕಾರಣವೂ ನನ್ನದೇ. ಅಲ್ಲಿನ ದಾದಿಯರು ಕೆಟ್ಟವರಲ್ಲ, ಆದರೆ ಪಾಳಿ ಬದಲಾದಂತೆ ಅವರೂ ಬದಲಾಗುತ್ತಿದ್ದರು. ಜಾನ್ ಒಬ್ಬೊಬ್ಬರ ಹತ್ತಿರವೂ ಹೋಗಿ ನಿಲ್ಲುತ್ತಾನೆ, ಮಡಿಲು ಹತ್ತುವಷ್ಟರಲ್ಲಿ ಗಟ್ಟಿಗಂಟಲಿನ ಇನ್ನೊಂದು ಮಗು ತಳ್ಳುತ್ತದೆ. ಕೊನೆಕೊನೆಗೆ ತನಗಿಂತ ದೊಡ್ಡದೊಂದು ಕರಡಿ ಬೊಂಬೆಯ ಮೇಲೆ ಕವುಚಿ ಬಿದ್ದಿರುತ್ತಾನೆ. ಒಂಬತ್ತನೇ ದಿನ ಅಮ್ಮ ಬಂದರೆ ಚೀರಿ, ಮುಖ ತಿರುಗಿಸಿಕೊಳ್ಳುತ್ತಾನೆ.

ಈಗ ನೀನು ಏನು ಹೇಳುತ್ತೀ ಗೊತ್ತು. "ನಾನೇನು ನನ್ನ ಮಗಳನ್ನು ಅನಾಥಾಲಯಕ್ಕೆ ಹಾಕ್ತಿದೀನಾ? ಅಮ್ಮನ ಹತ್ರ ಬಿಡ್ತಿರೋದು." ಹೌದು, ಆ ವ್ಯತ್ಯಾಸ ದೊಡ್ಡದು. ಇದನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿದವರೂ ಆ ಗಂಡಹೆಂಡತಿಯೇ. ಜಾನ್‌ನಂಥದೇ ಸಂದರ್ಭದ ನಾಲ್ಕು ಮಕ್ಕಳನ್ನು, ಅವರಲ್ಲೊಬ್ಬಳಿಗೂ ಹದಿನೇಳೇ ತಿಂಗಳು, ಒಬ್ಬೊಬ್ಬರನ್ನಾಗಿ ತಮ್ಮ ಮನೆಯಲ್ಲಿಟ್ಟುಕೊಂಡರು. ಮೊದಲೇ ಮಗುವಿನ ಪರಿಚಯ ಮಾಡಿಕೊಂಡರು, ಅದರ ಮನೆಯ ಊಟ, ಅದರ ಹಾಸಿಗೆ, ಅಮ್ಮನ ಫೋಟೋ ಎಲ್ಲ ಇಟ್ಟುಕೊಂಡರು. ದಿನವಿಡೀ ನೋಡಿಕೊಳ್ಳುವವಳು ಜಾಯ್ಸ್ ಒಬ್ಬಳೇ. ಆ ಮಕ್ಕಳಿಗೂ ಕಷ್ಟವಾಯಿತು, ಆದರೆ ಯಾರೂ ಜಾನ್‌ನ ಹಾಗೆ ಕುಸಿಯಲಿಲ್ಲ. ಅಂದರೆ ಅಗಲಿಕೆಗಿಂತ ಹೆಚ್ಚಾಗಿ ಮುರಿಯುವುದು, ಅಗಲಿದಾಗ ಹಿಡಿದುಕೊಳ್ಳಲು ಒಬ್ಬರೂ ಸಿಗದಿರುವುದು.

ನಾನು ಅಜ್ಜಿಮನೆಯ ಜಗಲಿಯಲ್ಲಿ ಆಡುತ್ತಿದ್ದ ಕಾಲಕ್ಕೇ, 1989ರ ಡಿಸೆಂಬರಿನಲ್ಲಿ, ರೊಮೇನಿಯಾದಲ್ಲಿ ಸರ್ವಾಧಿಕಾರಿ ಚೌಷೆಸ್ಕು ಬಿದ್ದ. ಹೆಂಗಸರು ಹೆತ್ತಷ್ಟೂ ದೇಶಕ್ಕೆ ಒಳ್ಳೆಯದು ಅಂತ 1966ರಲ್ಲೇ ಗರ್ಭಪಾತ ನಿಷೇಧಿಸಿದ್ದವನು ಅವನು. ಸಾಕಲಾಗದ ಮಕ್ಕಳು ಸರ್ಕಾರಿ ಮಕ್ಕಳ ಮನೆಗಳಲ್ಲಿ ತುಂಬಿದ್ದವು, ಲಕ್ಷಕ್ಕೂ ಮೇಲೆ. ಹಾಲಿನ ಬಾಟಲಿ ಸಿಗುತ್ತಿತ್ತು, ಎತ್ತಿಕೊಳ್ಳುವವರಿರಲಿಲ್ಲ. ಅತ್ತರೂ ಯಾರೂ ಬರುವುದಿಲ್ಲ ಎಂದು ಕಲಿತ ಮಕ್ಕಳು ಅಳುವುದನ್ನೇ ಬಿಟ್ಟಿದ್ದವು. ಮುಂದೆ ಬುಖಾರೆಸ್ಟಿನಲ್ಲಿ ಸುಮಾರು ಎರಡೂವರೆ ವರ್ಷದೊಳಗಿನ 136 ಮಕ್ಕಳ ಅಧ್ಯಯನ ನಡೆಯಿತು, ಅರ್ಧ ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿದರು. ಎರಡು ವರ್ಷದೊಳಗೆ ಮನೆ ಸೇರಿದವರು ಬುದ್ಧಿಯಲ್ಲೂ ನಂಟಿನಲ್ಲೂ ಹೆಚ್ಚು ಚೇತರಿಸಿಕೊಂಡರು, ಮೆದುಳಿನ ಅಲೆಗಳಲ್ಲೂ ಅದು ಕಂಡಿತು. ಇಂಗ್ಲೆಂಡಿಗೆ ದತ್ತು ಹೋದ ಮಕ್ಕಳಲ್ಲಿ ಆರು ತಿಂಗಳೊಳಗೆ ಹೋದವರು ಬಹುಪಾಲು ಎಲ್ಲರಂತೆಯೇ ಬೆಳೆದರು. ನೀನು ರಾತ್ರಿ ಎದ್ದು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಮೊದಲು ಸಿಗುವುದು ಇದೇ. ಓದಿ ಎದೆ ಒಡೆದುಕೊಳ್ಳಬೇಡ. ಅದು ಯಾರೂ ಇಲ್ಲದ ಮಕ್ಕಳ ಕತೆ, ನಿನ್ನ ಮಗಳಿಗೂ ಅದಕ್ಕೂ ಸಂಬಂಧವಿಲ್ಲ. ತಂಗೀ, ನನಗೂ ಸಂಬಂಧವಿಲ್ಲ. ಅಜ್ಜಿ ನನ್ನನ್ನು ಹೇಗೆ ಸಾಕಿದಳು ಅಂತ ನಿನಗೆ ಗೊತ್ತಲ್ಲ. ಬಚ್ಚಲಲ್ಲಿ ಎರೆದು, ಸೆರಗಿನಲ್ಲಿ ತಲೆ ಒರೆಸಿ, ಒಲೆಯ ಮುಂದೆ ಕೂರಿಸಿಕೊಂಡು ಹಲಸಿನ ಹಪ್ಪಳ ಸುಟ್ಟು ಕೊಡುತ್ತಿದ್ದಳು. ನನಗೆ ಮಾತು ಬಂದದ್ದು ಅಲ್ಲಿ, ಕತೆ ಬಂದದ್ದು ಅಲ್ಲಿ. ಆ ಮೂರು ವರ್ಷವನ್ನು ನಾನು ಯಾರಿಗೂ ಬಿಟ್ಟುಕೊಡುವವಳಲ್ಲ.

ನನ್ನ ತಕರಾರು ಅಲ್ಲೇ ಇರುವುದು. ನಮ್ಮ ಮನೆಯಲ್ಲಿ ಎಲ್ಲರೂ ಲೆಕ್ಕ ಹಾಕಿದ್ದು ಒಂದೇ ಅಗಲಿಕೆಯನ್ನು. "ಮೂರು ವರ್ಷ ಅಮ್ಮನ್ನ ಬಿಟ್ಟಿದ್ದಳು ಪಾಪ, ಆಮೇಲೆ ವಾಪಸು ಬಂದಳಲ್ಲ." ವಾಪಸು ಬಂದದ್ದು ಅವರಿಗೆ. ನನಗದು ಎರಡನೇ ಸಲ ಅಮ್ಮನನ್ನು ಕಳೆದುಕೊಂಡ ದಿನ. ಮೊದಲನೆಯದರಲ್ಲಿ ನನಗೆ ಮಾತಿರಲಿಲ್ಲ. ಎರಡನೆಯದರಲ್ಲಿ ಮಾತಿತ್ತು, ಕೇಳಿಯೂ ಕೇಳಿದೆ, ಅದು ಜೋಕಾಯಿತು.

ಆ ಬೌಲ್ಬಿಯ ಬಾಲ್ಯದಲ್ಲೂ ಇಂಥದೊಂದಿದೆ. ಲಂಡನ್ನಿನ ಅನುಕೂಲಸ್ಥರ ಮನೆ, ಅಮ್ಮ ಸಿಗುತ್ತಿದ್ದದ್ದು ದಿನಕ್ಕೊಂದಿಷ್ಟು ಹೊತ್ತು. ಸಾಕಿದವಳು ಮಿನ್ನೀ ಎಂಬ ದಾದಿ. ಅವನಿಗೆ ನಾಲ್ಕು ತುಂಬುವ ಹೊತ್ತಿಗೆ ಅವಳು ಕೆಲಸ ಬಿಟ್ಟು ಹೋದಳು. ಅದು ತಾಯಿಯನ್ನೇ ಕಳೆದುಕೊಂಡಷ್ಟು ದುಃಖ ಅಂತ ದೊಡ್ಡವನಾದ ಮೇಲೆ ಹೇಳಿಕೊಂಡ. ಮನೆಯವರ ಕಣ್ಣಿಗೆ ಆಳೊಬ್ಬಳು ಬದಲಾದಳು, ಅಷ್ಟೇ.

ನಿನ್ನ ಲೆಕ್ಕವನ್ನು ಈಗ ಕೂಸಿನ ಕಡೆಯಿಂದ ನೋಡು. ಕಣ್ಣಿಗೆ ಮರೆಯಾದದ್ದು ಎಲ್ಲೋ ಇದೆ ಅಂತ ಮಗುವಿಗೆ ತಿಳಿಯುವುದು ಎಂಟು ಒಂಬತ್ತು ತಿಂಗಳಿಗೆ. ಆ ಮೇಲೇ ಅಮ್ಮ ಎದ್ದರೆ ಅಳುವುದು, ಬಚ್ಚಲ ಬಾಗಿಲು ಬಡಿಯುವುದು ಶುರುವಾಗುತ್ತದೆ. ಒಂದೂವರೆ ವರ್ಷದವರೆಗೆ ಅದು ಏರುತ್ತಲೇ ಇರುತ್ತದೆ. ನಿನ್ನ ಮಗಳು ಈಗ ಅದರ ನೆತ್ತಿಯ ಹತ್ತಿರವಿದ್ದಾಳೆ. ನೀನು ಇದ್ದೀ ಅಂತ ಅವಳಿಗೆ ಗೊತ್ತು, ಯಾಕೆ ಬರುತ್ತಿಲ್ಲ ಅಂತ ಗೊತ್ತಿಲ್ಲ. ಅವಳ ಹತ್ತಿರ ಕ್ಯಾಲೆಂಡರಿಲ್ಲ. 'ನಾಳೆ', 'ದೀಪಾವಳಿಗೆ' ಅನ್ನುವ ಮಾತಿಲ್ಲ. ಎರಡು ವರ್ಷ ಅಂದರೆ ಅವಳು ಇದುವರೆಗೆ ಬದುಕಿದ್ದಕ್ಕಿಂತ ಹೆಚ್ಚು. ಮೂರು ತುಂಬಿದ ಮೇಲೆ ಮಾತು ಬಂದಿರುತ್ತದೆ, ಆದರೆ ಅಷ್ಟು ಹೊತ್ತಿಗೆ ನಮ್ಮಮ್ಮ ಅವಳ ಅಮ್ಮನಾಗಿರುತ್ತಾಳೆ. ಸರಿಯಾಗಿ ಆಗಲೇ ನೀನು ಬಂದು, ಭಾಷೆ ಬೇರೆ, ಊಟ ಬೇರೆ, ಆಕಾಶವೇ ಬೇರೆ ಇರುವ ಊರಿಗೆ ಅವಳನ್ನು ಕರೆದೊಯ್ಯುತ್ತೀ. ಮಾತಿಲ್ಲದಾಗ ಒಂದು ಸಲ ಕೀಳುವುದು, ಮಾತು ಬಂದ ಮೇಲೆ ಇನ್ನೊಂದು ಸಲ. ಅಡಿಕೆ ಸಸಿಯನ್ನೂ ಅಜ್ಜ ಹೀಗೆ ನೆಡುತ್ತಿರಲಿಲ್ಲ ಮಾರಾಯ್ತಿ.

ಅಮೆರಿಕ, ಕೆನಡಾದ ಚೀನೀ ಕುಟುಂಬಗಳಲ್ಲೂ ಹೀಗೆ ಮಕ್ಕಳನ್ನು ಊರಿಗೆ ಕಳಿಸುವುದು ಎಷ್ಟು ರೂಢಿಯೆಂದರೆ, ಅಂಥವರಿಗೆ 'ಸ್ಯಾಟಲೈಟ್ ಬೇಬಿ' ಅಂತ ಹೆಸರೇ ಬಿದ್ದಿದೆ. ಮಕ್ಕಳು ಉಪಗ್ರಹದ ಹಾಗೆ ಹೋಗಿ ಸುತ್ತಿ ಬರುತ್ತಾರಂತೆ. ಹೆಸರಿಟ್ಟವರು ಚೆನ್ನಾಗೇ ಇಟ್ಟಿದ್ದಾರೆ. ಅದು ಸುತ್ತುತ್ತದೆ, ಇಳಿಯುವುದಿಲ್ಲ.

ನನಗೇನಾಯಿತು ಅಂತ ಕೇಳುತ್ತೀಯಾ? ದೊಡ್ಡದೇನಿಲ್ಲ. ಓದಿದೆ, ಕೆಲಸ ಸಿಕ್ಕಿತು, ಮದುವೆಯಾಯಿತು, ನಿಮ್ಮ ಭಾವನ ಜೊತೆ ಜಗಳವಾಡುತ್ತ ಸುಖವಾಗಿದ್ದೇನೆ. ಆದರೆ ಅವರು ಹೇಳದೆ ಅಂಗಡಿಗೆ ಹೋದರೆ ನನಗೆ ಬರುವ ಸಿಟ್ಟು ನೀನು ನೋಡಿದ್ದೀಯಲ್ಲ. ಒಂದು ಪ್ಯಾಕೆಟ್ ಹಾಲಿಗೆ ಅಷ್ಟು ಸಿಟ್ಟು ಯಾಕೆ ಅಂತ ಅವರಿಗೆ ಇವತ್ತಿಗೂ ಅರ್ಥವಾಗಿಲ್ಲ. ಹಿಂದೆ ಅಮ್ಮ ತಿಂಗಳಿಗೊಂದು ಭಾನುವಾರ ಅಜ್ಜಿಮನೆಗೆ ಬಂದರೆ, ಹೊರಡುವಾಗ "ಹೇಳಿದ್ರೆ ರಂಪ ಮಾಡ್ತದೆ, ಹಿತ್ತಿಲ ಕಡೆಯಿಂದ ಹೋಗು" ಅಂತ ಅಜ್ಜಿಯೇ ಕಳಿಸುತ್ತಿದ್ದಳಂತೆ. ಅಮ್ಮ ತೋಟದ ಒಳಗಿಂದ ಹಾದು ಬಸ್ಸು ಹಿಡಿಯುತ್ತಿದ್ದಳು. ಇದಕ್ಕೂ ಹಾಲಿನ ಪ್ಯಾಕೆಟ್ಟಿಗೂ ನಂಟಿದೆ ಅಂತ ಆಣೆ ಮಾಡಿ ಹೇಳಲಾರೆ. ಇಲ್ಲ ಅಂತಲೂ ಹೇಳಲಾರೆ.

ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಒಂದು ಕಾಲದಲ್ಲಿ ಇತ್ತು. ಹೋದ ದೀಪಾವಳಿಯಲ್ಲಿ ಹೋಳಿಗೆ ತಟ್ಟುತ್ತ, ಯಾರೂ ಕೇಳದೆ, ಅವಳಾಗಿಯೇ 1988ರ ಆ ತಿಂಗಳಿನ ಮಾತು ತೆಗೆದಳು. ನೀನು ಎಂಟು ತಿಂಗಳಿಗೇ ಹುಟ್ಟಿದವಳು. ನಿನ್ನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಆಸ್ಪತ್ರೆ ಯಾವುದೆಂದು ಬೇಡ, ಆಗ ಎಲ್ಲ ಕಡೆ ಹೀಗೇ ಇತ್ತು. ಸೋಂಕು ತಗಲುತ್ತದೆಂದು ಅಮ್ಮನನ್ನು ಒಳಗೆ ಬಿಡುತ್ತಿರಲಿಲ್ಲ, ದಿನಕ್ಕೊಮ್ಮೆ ಕಿಟಕಿಯಿಂದ ತೋರಿಸುತ್ತಿದ್ದರು. ಹಾಲು ಹಿಂಡಿ ಲೋಟದಲ್ಲಿ ಕಳಿಸಬೇಕು. ಒಂದು ಕೂಸು ಗಾಜಿನ ಆಚೆ, ಇನ್ನೊಂದು ಘಟ್ಟದ ಅಂಚಿನಲ್ಲಿ. "ಎರಡು ಹೆತ್ತಿದ್ದೆ, ಮಡಿಲಲ್ಲಿ ಒಂದೂ ಇರಲಿಲ್ಲ" ಅಂದಳು. ಹೋಳಿಗೆ ತಟ್ಟುವ ಕೈ ಮಾತ್ರ ನಿಲ್ಲಿಸಲಿಲ್ಲ.

ಆ ಹೊತ್ತಿಗಾಗಲೇ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಬೇರೆ ದಾರಿ ಸಿಕ್ಕಿತ್ತು. ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದ ಕೊನೆಗೆ, ಪೆಟ್ಟಿಗೆಗಳು ಸಾಲದೆ, ಡಾಕ್ಟರುಗಳು ತೂಕವಿಲ್ಲದ ಕೂಸುಗಳನ್ನು ತಾಯಿಯ ಎದೆಗೇ ಬರಿಮೈಯಲ್ಲಿ ಕಟ್ಟಿ ಕಳಿಸತೊಡಗಿದ್ದರು. ಕಾಂಗರೂ ಆರೈಕೆ. ನಾವು ಅದನ್ನು ವಾರ್ಡಿನಲ್ಲಿ ಬರೇ 'ಕೆಎಂಸಿ' ಅನ್ನುತ್ತೇವೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಜಿಲ್ಲೆಯಿಡೀ ಅಳವಡಿಸಿ ನೋಡಿದ್ದಾರೆ. ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ ಒಂದು ಪರೀಕ್ಷೆ ನಡೆಯಿತು. ಕೂಸು ಗಟ್ಟಿಯಾಗಲಿ ಅಂತ ಕಾಯದೆ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದರು. ಮೊದಲ 28 ದಿನದಲ್ಲಿ ಸಾಯುವವರು ನೂರಕ್ಕೆ 15.7 ಇದ್ದದ್ದು 12ಕ್ಕೆ ಇಳಿಯಿತು. 2021ರಲ್ಲಿ ಅದು ಪ್ರಕಟವಾಯಿತು, ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನೇ ತಿದ್ದಿಕೊಂಡಿತು. ಅಮ್ಮನಿಗೆ ಇದನ್ನು ಹೇಳಿದಾಗ, "ನಂಗೆ ಆಗ್ಲೇ ಗೊತ್ತಿತ್ತು, ಕೇಳೋರು ಯಾರು" ಅಂದಳು.

ಈಗ ನಿನ್ನ ಕಷ್ಟಕ್ಕೆ ಬರುತ್ತೇನೆ. ಅದು ಗೊತ್ತಿಲ್ಲದೆ ಮಾತಾಡುತ್ತಿಲ್ಲ. ಇಲ್ಲಿ 2017ರಿಂದ 26 ವಾರ ಸಂಬಳದ ಹೆರಿಗೆ ರಜೆ ಅಂತ ಕಾನೂನಾದರೂ ಇದೆ. ಅಲ್ಲಿ ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವುದು ಸಂಬಳವಿಲ್ಲದ 12 ವಾರ. ಡೇಕೇರಿನ ಖರ್ಚು ಮನೆ ಬಾಡಿಗೆಯಷ್ಟಾಗುತ್ತದೆ ಅಂದೆ. ಅದಕ್ಕಿಂತ ಹೆಚ್ಚಾಗಿ ನಿನ್ನನ್ನು ಕೊರೆಯುತ್ತಿರುವುದು, "ಪರದೇಶಿಯ ಕೈಯಲ್ಲಿ ಒಂಬತ್ತು ಗಂಟೆ ಹೇಗೆ ಬಿಡಲಿ, ಅದಕ್ಕಿಂತ ನಮ್ಮಮ್ಮನ ಹತ್ತಿರ ಬಿಡುವುದು ವಾಸಿ" ಅನ್ನುವ ಮಾತು. ನೀನು ಅಲ್ಲಿ ಎಡವಿದ್ದೀ ಅಂತ ನನಗನ್ನಿಸುತ್ತದೆ. ನಿಮ್ಮ ದೇಶದಲ್ಲೇ 1991ರಲ್ಲಿ ಶುರುವಾಗಿ ಸಾವಿರದ ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನವಿದೆ. ಡೇಕೇರಿಗೆ ಹೋಗುವುದರಿಂದಲೇ ತಾಯಿಯ ಜೊತೆಗಿನ ನಂಟು ಸಡಿಲವಾಗುವುದಿಲ್ಲ ಅಂತ ಅದು ಕಂಡುಕೊಂಡಿತು. ಮನೆಯಲ್ಲಿ ತಾಯಿ ಹೇಗೆ ಸ್ಪಂದಿಸುತ್ತಾಳೆ ಅನ್ನುವುದೇ ಹೆಚ್ಚು ತೂಗಿತು. ಬೆಳಿಗ್ಗೆ ಅತ್ತರೂ ಸಂಜೆ ನೀನು ಬರುತ್ತೀಯಲ್ಲ. ದಿನ ದಿನ ಬರುತ್ತೀ. ಅಮ್ಮ ಅಂದರೆ ಹೋಗುವವಳು ಮತ್ತು ಬರುವವಳು ಅಂತ ಅದು ಮೈಯಲ್ಲೇ ಕಲಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ಹೆಂಗಸರು ಈಗ ಪಂಚಾಯಿತಿಯ 'ಕೂಸಿನ ಮನೆ'ಯಲ್ಲಿ ಮಕ್ಕಳನ್ನು ಬಿಟ್ಟು ಮಣ್ಣು ಹೊರುವುದಿಲ್ಲವೇ? ನಾಲ್ಕು ಸಾವಿರ ಪಂಚಾಯಿತಿಗಳಲ್ಲಿ ಮಾಡುತ್ತೇವೆಂದು ಸರ್ಕಾರ ಹೊರಟಿತು. ಎಲ್ಲ ಕಡೆ ಚೆನ್ನಾಗಿ ನಡೆಯುತ್ತದೆ ಅನ್ನಲಾರೆ. ಆದರೆ ಸಂಜೆ ಆ ಕೂಸುಗಳು ಅಮ್ಮನ ಸೊಂಟದ ಮೇಲೇ ಮನೆಗೆ ಹೋಗುತ್ತವೆ.

ಅಮ್ಮನನ್ನೇ ಅಲ್ಲಿಗೆ ಕರೆಸಿಕೊಳ್ಳಬಾರದೇಕೆ? ಬಾಣಂತನಕ್ಕೆ ಬಂದಾಗಿನ ವೀಸಾ ಇನ್ನೂ ಇದೆ, ಆರು ತಿಂಗಳು ಇರಬಹುದು. ಆಮೇಲೆ ನಿನ್ನ ಅತ್ತೆ ಬರಲಿ. ಮಂಡಿ ನೋವು ಅಂತ ಅಮ್ಮ ನೆಪ ತೆಗೆಯುತ್ತಾಳೆ, ನಿಜವಾದ ಕಾರಣ ಚಳಿ. ಅದಕ್ಕೆ ನಾನಿದ್ದೇನೆ, ನೋಡಿಕೊಳ್ಳುತ್ತೇನೆ. ಟಿಕೆಟ್ಟಿನ ಅರ್ಧ ದುಡ್ಡೂ ನನ್ನದು, ಅದನ್ನು ಮಾತ್ರ ಬೇಡ ಅನ್ನಬೇಡ.

ಇಷ್ಟೆಲ್ಲ ಓದಿಯೂ, ಇಲ್ಲ ಅಕ್ಕಾ, ಬೇರೆ ದಾರಿಯೇ ಇಲ್ಲ ಅಂತ ನೀನು ಹೇಳಬಹುದು. ಆಗ ನಾನು ಎರಡನೇ ಮಾತು ಆಡುವುದಿಲ್ಲ. ತೊಟ್ಟಿಲ ಪಕ್ಕ ನನ್ನದೂ ಒಂದು ಚಾಪೆ ಹಾಕಿಕೊಳ್ಳುತ್ತೇನೆ. ಆದರೆ ನೀನು ಬಂದು ಬಿಟ್ಟು ಓಡಬೇಡ, ಮೂರು ನಾಲ್ಕು ವಾರವಾದರೂ ಇಲ್ಲೇ ಇರು. ನೀನು ಕಣ್ಣೆದುರಿಗಿರುವಾಗಲೇ ಅಮ್ಮ ಎತ್ತಿಕೊಳ್ಳಲಿ, ಉಣಿಸಲಿ, ಮಲಗಿಸಲಿ. ಹೊರಡುವ ದಿನ ಹೇಳಿ ಹೊರಡು, ಎಷ್ಟೇ ಅಳಲಿ. ಹಿತ್ತಿಲ ದಾರಿ ಹಿಡಿಯಬೇಡ. ಕೂಸು 'ಅಮ್ಮ' ಅಂದರೆ ನಿನ್ನನ್ನೇ ಅನ್ನಬೇಕು, ನಮ್ಮಮ್ಮನನ್ನು 'ಅಜ್ಜಿ' ಅನ್ನಬೇಕು, ಇದನ್ನು ನಾನು ದಿನಾ ಕೂತು ತಿದ್ದುತ್ತೇನೆ. ವಿಡಿಯೋ ಕರೆಯಲ್ಲಿ ಅದು ನಿನ್ನ ಮುಖ ನೋಡದೆ ಎದ್ದು ಹೋದರೆ, ಹೊಂದಿಕೊಂಡಿದೆ ಅಂತ ಸಮಾಧಾನಪಡಬೇಡ, ಮರೆತಿದೆ ಅಂತ ಅಳಲೂ ಬೇಡ. ನಾನೂ ಕರುವಿನ ಹತ್ತಿರ ಹೋಗಿದ್ದೆ. ಮತ್ತೆ ಕರೆದೊಯ್ಯಲು ಬಂದಾಗ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗು, ಕೂಸು ನಿನ್ನ ಕಡೆ ತಾನಾಗಿ ವಾಲುವವರೆಗೆ ಅವಳು ಅಲ್ಲಿರಲಿ. ರಾಬರ್ಟ್‌ಸನ್ ದಂಪತಿಗಳೂ ಮಕ್ಕಳನ್ನು ಒಪ್ಪಿಸಿದ ಮೇಲೆ ಕೈತೊಳೆದುಕೊಳ್ಳಲಿಲ್ಲ, ಅವರ ಮನೆಗೆ ಹೋಗಿಬಂದು ಮಾಡುತ್ತಿದ್ದರು.

ಹುಡುಗ ಎದ್ದ, ನೀರು ಕೇಳುತ್ತಿದ್ದಾನೆ. ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ.

ಅಜ್ಜಿಮನೆಯಿಂದ ಬಂದಾಗ ನನ್ನ ಹತ್ತಿರ ಅವಳ ಹಳೇ ನೂಲಿನ ಸೀರೆಯ ತುಂಡೊಂದಿತ್ತು. ಬಚ್ಚಲೊಲೆಯ ಹೊಗೆ, ಅಡಿಕೆ ಚೊಗರು, ಅವಳ ಎಲೆಯಡಿಕೆ ಎಲ್ಲ ಸೇರಿದ ವಾಸನೆ. ಅದನ್ನು ಮೂಗಿಗೆ ಹಿಡಿದೇ ನಿದ್ದೆ. ಬಂದ ಮೂರನೇ ದಿನ ಅಮ್ಮ, ಪಾಪ, ಮಗುವಿನ ಬಟ್ಟೆ ಕೊಳೆಯಾಗಿದೆಯೆಂದು ಸೋಪು ಹಾಕಿ ಒಗೆದು, ನೀಲಿ ಅದ್ದಿ, ಬಿಸಿಲಿಗೆ ಹರವಿದಳು. ರಾತ್ರಿ ಘಮಘಮ ಅನ್ನುವ ಆ ತುಂಡನ್ನು ಹಿಡಿದು ನಾನು ಅತ್ತದ್ದು ಯಾಕೆಂದು ಯಾರಿಗೂ ತಿಳಿಯಲಿಲ್ಲ.

ಅದಕ್ಕೇ, ಬಿಟ್ಟುಹೋಗುವುದೇ ಆದರೆ, ನೀನು ದಿನಾ ಉಡುವ ಆ ನೀಲಿ ಹೂವಿನ ನೈಟಿ ಇದೆಯಲ್ಲ, ಅದನ್ನು ತಾ. ಒಗೆದು ತರಬೇಡ.

ನಿನ್ನ
ಅಕ್ಕ